‘ವಿಷಮುಕ್ತ ತರಕಾರಿ, ಕ್ಯಾನ್ಸರ್‌ಮುಕ್ತ ಬದುಕು’ ಅನ್ನೋ ಬೋರ್ಡನ್ನ ನಾನು ಇಳಿಸಿದ್ದು ಯಾಕೆ

ಈ ವಾರ ಟೊಮೆಟೊ ಎಲೆ ಮುಟುರು ರೋಗದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಕೆಲವು ಗೆಳೆಯರು ಮೆಸೇಜ್ ಮಾಡಿ ಕೇಳಿದ್ರು: “ಸಂತೆ ಅಂಗಡಿಯಲ್ಲಿ ನಿಮ್ಮ ಆ ಹಳೇ ಬೋರ್ಡ್ ಕಾಣ್ತಿಲ್ವಲ್ಲ, ಸಾವಯವ ಬಿಟ್ಟುಬಿಟ್ರಾ?” ಬಿಟ್ಟಿಲ್ಲ. ಒಂಬತ್ತು ವರ್ಷದಿಂದ ಮಾಡ್ತಿದ್ದೀನಿ, ಮುಂದೂ ಮಾಡ್ತೀನಿ. ಬೋರ್ಡ್ ಇಳಿಸಿದ ಕಥೆ ಬೇರೆ. ಸ್ವಲ್ಪ ಉದ್ದ ಇದೆ, ಸ್ವಲ್ಪ ವಿಜ್ಞಾನವೂ ಇದೆ. ಕಾಲೇಜಲ್ಲಿ ಜೆನೆಟಿಕ್ಸ್ ಕ್ಲಾಸಿಗೆ ಹಿಂದಿನ ಬೆಂಚಲ್ಲಿ ಕೂತು ನಿದ್ದೆ ಹೊಡೆದವನು ನಾನು. ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.

ಎರಡು ವರ್ಷದ ಹಿಂದೆ ಮಾಲೂರು ಕಡೆ ಇರೋ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. “ಅಣ್ಣಾ, ನೀನು ಜೀನು ಗೀನು ಅಂತ ಓದಿದೀಯಲ್ಲ, ಇದೇನು ನೋಡು. ನಾಲ್ಕು ಪಾಸಿಟಿವ್ ಅಂತಿದೆ. ಅಂದ್ರೆ ಅಪ್ಪಂಗೆ ನಾಲ್ಕು ಸೋಂಕಾ?”

ಕೊರೊನಾ ಬಂದ ಮೇಲೆ ಪಾಸಿಟಿವ್ ಅಂದ್ರೆ ಎಲ್ಲರಿಗೂ ಸೋಂಕೇ. ರಿಪೋರ್ಟಿನಲ್ಲಿ ಇದ್ದದ್ದು ಹೀಗೆ: ಸಿಡಿ20 ಪಾಸಿಟಿವ್, ಸಿಡಿ10 ಪಾಸಿಟಿವ್, ಬಿಸಿಎಲ್6 ಪಾಸಿಟಿವ್, ಬಿಸಿಎಲ್2 ಪಾಸಿಟಿವ್. ಕೆಳಗೆ ಫಾಲಿಕ್ಯುಲರ್ ಲಿಂಫೋಮಾ, ಗ್ರೇಡ್ 1-2. ದುಗ್ಧ ಗ್ರಂಥಿಯ ಕ್ಯಾನ್ಸರ್.

ದೊಡ್ಡಪ್ಪನ ಕತ್ತಿನ ಪಕ್ಕ ಎಂಟು ತಿಂಗಳಿಂದ ಒಂದು ಗಂಟು ಇತ್ತು. ನೋವಿಲ್ಲ, ಜ್ವರ ಇಲ್ಲ. ನೋವಿಲ್ಲದ್ದನ್ನ ನಮ್ಮ ಕಡೆ ಯಾರು ಕಾಯಿಲೆ ಅಂತಾರೆ? ಕೊನೆಗೆ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದಾಗ ಯಾವ ಪರೀಕ್ಷೆಯೂ ಇಲ್ಲದೆ ಟಿ.ಬಿ. ಇರಬಹುದು ಅಂತ ಮಾತ್ರೆ ಶುರು ಮಾಡಿದ್ರು. ಮೂರು ತಿಂಗಳು ಅದೂ ಆಯ್ತು. ಗಂಟು ಹೋಗಲಿಲ್ಲ, ಕಂಕುಳಲ್ಲಿ ಇನ್ನೊಂದು ಬಂತು. ಆಮೇಲೆ ಬೆಂಗಳೂರಿಗೆ ಹೋಗಿ ಗಂಟನ್ನೇ ತೆಗೆಸಿ ಪರೀಕ್ಷೆ ಮಾಡಿಸಿದ್ದು.

ನಾನು ಊರಿಗೆ ಹೋದೆ. ದೊಡ್ಡಮ್ಮ ಕಾಫಿ ಕೊಟ್ಟು ಎದುರಿಗೆ ಕೂತು ಕೇಳಿದ್ರು, “ಏನಪ್ಪಾ, ಹೋದ ವರ್ಷ ತರಬೇತಿಯಲ್ಲಿ ಮೈಕ್ ಹಿಡ್ಕೊಂಡು ನೀನೇ ಹೇಳಿದ್ಯಲ್ಲ, ಔಷಧಿ ಹೊಡೆದವರಿಗೆ ಕ್ಯಾನ್ಸರ್ ಬರುತ್ತೆ, ಸಾವಯವದೋರಿಗೆ ಬರಲ್ಲ ಅಂತ. ಹಂಗಾದ್ರೆ ಇದನ್ನ ನಾವೇ ತಂದ್ಕೊಂಡ್ವಾ?”

ಹೇಳಿದ್ದೆ, ಹೌದು. ಚಪ್ಪಾಳೆ ಕೂಡ ಬಿದ್ದಿತ್ತು. ಆವತ್ತು ದೊಡ್ಡಮ್ಮನಿಗೆ ಉತ್ತರ ಕೊಡಕ್ಕೆ ಬಾಯಿ ಬರಲಿಲ್ಲ. ಆ ಉತ್ತರ ಹುಡುಕಿಕೊಂಡು ಆರು ತಿಂಗಳು ಓದಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಗಂಟಿನೊಳಗೆ ಒಂದು ತಳಿ ಅಭಿವೃದ್ಧಿ ತಾಕು

ನಮ್ಮ ಗಿಡದ ಎಲೆಗೂ ಬೇರಿಗೂ ಹೂವಿಗೂ ಇರೋದು ಒಂದೇ ಜೀನ್‌ಗಳ ಕಂತೆ. ಯಾವ ಜೀನ್ ಎಲ್ಲಿ ಆನ್, ಎಲ್ಲಿ ಆಫ್ ಅನ್ನೋದರಲ್ಲೇ ಎಲೆ ಎಲೆಯಾಗುತ್ತೆ, ಬೇರು ಬೇರಾಗುತ್ತೆ. ಮನುಷ್ಯರಲ್ಲೂ ಹಾಗೇ. ಆದರೆ ರೋಗ ನಿರೋಧಕ ಕೋಶಗಳಲ್ಲಿ, ಅದರಲ್ಲೂ ಪ್ರತಿಕಾಯ ತಯಾರಿಸೋ ಬಿ ಕೋಶಗಳಲ್ಲಿ, ಒಂದು ವಿಚಿತ್ರ ಇದೆ. ಅವು ತಮ್ಮ ಜೀನನ್ನ ತಾವೇ ಕತ್ತರಿಸಿ ಅಂಟಿಸಿಕೊಳ್ತವೆ. ಮುಂದೆ ಯಾವ ರೋಗಾಣು ಬರುತ್ತೋ ಗೊತ್ತಿಲ್ಲವಲ್ಲ, ಅದಕ್ಕೇ ಲೆಕ್ಕವಿಲ್ಲದಷ್ಟು ಬಗೆಯ ಪ್ರತಿಕಾಯ ಮಾಡಬೇಕು. ಇಷ್ಟು ಬಗೆಗೆ ಬೇರೆ ಬೇರೆ ಜೀನ್ ಇಟ್ಕೊಳ್ಳಕ್ಕೆ ಜಾಗ ಇಲ್ಲ. ಹಾಗಾಗಿ ಮೂಳೆ ಮಜ್ಜೆಯಲ್ಲಿ ಬಿ ಕೋಶ ಹುಟ್ಟುವಾಗಲೇ 14ನೇ ಕ್ರೋಮೋಸೋಮಿನಲ್ಲಿರೋ ಪ್ರತಿಕಾಯದ ಜೀನಿನ ತುಂಡುಗಳನ್ನ ಕತ್ತರಿಸಿ ಹೊಸದಾಗಿ ಜೋಡಿಸುತ್ತೆ.

ಇದು ಮೊದಲ ಕತ್ತರಿ. ಎರಡನೇದು ದುಗ್ಧ ಗ್ರಂಥಿಯೊಳಗೆ. ನೆಗಡಿ ಬಂದಾಗ ಕತ್ತಲ್ಲಿ ಗಂಟು ಊದುತ್ತಲ್ಲ, ಆವಾಗ ಒಳಗೆ ಜರ್ಮಿನಲ್ ಸೆಂಟರ್ ಅನ್ನೋ ಚಿಕ್ಕ ಚಿಕ್ಕ ಗುಂಪುಗಳು ಎದ್ದಿರುತ್ತವೆ. ಟ್ರಾಂಬೆಯ ಬಾಬಾ ಅಣು ಸಂಶೋಧನಾ ಕೇಂದ್ರದೋರು ವಿಕಿರಣ ಬಿಟ್ಟು ರೂಪಾಂತರ ಮಾಡಿ, ಸಾವಿರಾರು ಗಿಡದಲ್ಲಿ ಒಂದನ್ನ ಆರಿಸಿ ಟ್ಯಾಗ್-24 ಶೇಂಗಾದಂಥ ತಳಿ ಕೊಟ್ರಲ್ಲ, ನಮ್ಮ ಗ್ರಂಥಿ ಅದೇ ಕೆಲಸವನ್ನ ಕೆಲವೇ ವಾರಗಳಲ್ಲಿ ಮುಗಿಸುತ್ತೆ. ಎಐಡಿ ಅನ್ನೋ ಕಿಣ್ವ ಪ್ರತಿಕಾಯದ ಜೀನಿನಲ್ಲಿ ಬೇಕಂತಲೇ ತಪ್ಪು ಹಾಕುತ್ತೆ. ಸಾಮಾನ್ಯ ಕೋಶದಲ್ಲಿ ಆಗೋ ರೂಪಾಂತರಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ವೇಗ. ಆ ತಪ್ಪುಗಳಿಂದ ಯಾರ ಪ್ರತಿಕಾಯ ರೋಗಾಣುವಿಗೆ ಚೆನ್ನಾಗಿ ಅಂಟುತ್ತೋ ಆ ಕೋಶ ಉಳಿಯುತ್ತೆ. ಉಳಿದದ್ದನ್ನ ಕಿತ್ತೆಸೀಬೇಕು. ಬೀಜೋತ್ಪಾದನೆ ಮಾಡೋರಿಗೆ ಇದು ಗೊತ್ತು: ಬೆರಕೆ ಗಿಡ ಕೀಳದೆ ಬಿಟ್ರೆ ಇಡೀ ತಾಕು ಹಾಳು.

ಈ ಅಪಾಯದ ಕೆಲಸ ನಡೆಯೋಕೆ ಎರಡು ವ್ಯವಸ್ಥೆ ಬೇಕು. ಜೀನು ತುಂಡಾಗ್ತಿದೆ ಅಂತ ಕೋಶದ ಸೈರನ್ ಕೂಗಬಾರದು. ಅದಕ್ಕೆ ಬಿಸಿಎಲ್6 ಅನ್ನೋ ಪ್ರೋಟೀನ್ ಇದೆ. ಕಂಬ ಹತ್ತೋ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಳ್ತಾನಲ್ಲ, ಹಾಗೆ ಇದು ಬೇರೆ ಜೀನ್‌ಗಳ ಕರೆಂಟ್ ತೆಗೆಯುತ್ತೆ. ಸೈರನ್ನಿನ ಕೆಲಸ ಮಾಡೋ ಪಿ53 ಆಫ್. ಪ್ರತಿಕಾಯ ಕಾರ್ಖಾನೆಯಾಗಿ ಬಲಿತು ಹೊರಗೆ ಹೋಗು ಅನ್ನೋ ಬ್ಲಿಂಪ್1 ಆಫ್. ಜೊತೆಗೆ ‘ಸಾಯಬೇಡ’ ಅಂತ ಕೋಶಕ್ಕೆ ಹೇಳೋ ಬಿಸಿಎಲ್2 ಕೂಡ ಆಫ್, ಯಾಕಂದ್ರೆ ಆಯ್ಕೆಯಾಗದ ಕೋಶ ಸುಲಭವಾಗಿ ಸಾಯಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ವಾಪಸ್, ಬಿಸಿಎಲ್6 ಇಳಿಯುತ್ತೆ, ಗೆದ್ದ ಕೋಶ ಬಲಿತು ಹೊರಟುಹೋಗುತ್ತೆ.

ಈಗ ದೊಡ್ಡಪ್ಪನ ರಿಪೋರ್ಟನ್ನ ಮತ್ತೆ ಓದಿ. ಸಿಡಿ20 ಅಂದ್ರೆ ಅದು ಬಿ ಕೋಶ. ಸಿಡಿ10, ಬಿಸಿಎಲ್6 ಅಂದ್ರೆ ಆ ಕೋಶ ಈ ತಾಕಿಗೆ ಸೇರಿದ್ದು. ಮೂರೂ ಆ ಜಾಗದಲ್ಲಿ ಇರಬೇಕಾದವೇ. ನಾಲ್ಕನೇದು, ಬಿಸಿಎಲ್2, ಅಲ್ಲಿ ಆಫ್ ಆಗಿರಬೇಕಿತ್ತು. ಆನ್ ಆಗಿದೆ. ಕಾಯಿಲೆ ಕೂತಿರೋದು ಆ ಒಂದು ಪದದಲ್ಲಿ.

ಪಂಪ್ ಸುಟ್ಟಿಲ್ಲ, ಲೈನ್ ಬದಲಾಗಿದೆ

ಅದು ಆನ್ ಆದದ್ದು ಹೇಗೆ? ಬಹುತೇಕ ಫಾಲಿಕ್ಯುಲರ್ ಲಿಂಫೋಮಾಗಳಲ್ಲಿ, ಅಂದ್ರೆ ನೂರಕ್ಕೆ 85ರಷ್ಟರಲ್ಲಿ, ಕಾರಣ ಒಂದೇ. ಮೂಳೆ ಮಜ್ಜೆಯಲ್ಲಿ ಮೊದಲ ಕತ್ತರಿ ಆಡೋವಾಗ 14ನೇ ಕ್ರೋಮೋಸೋಮಿನ ತುಂಡಿಗೆ, 18ನೇ ಕ್ರೋಮೋಸೋಮಿನ ತುಂಡು ಬಂದು ಅಂಟಿಕೊಳ್ಳುತ್ತೆ. ಆ ತುಂಡಿನಲ್ಲಿ ಬಿಸಿಎಲ್2 ಇದೆ.

ನಮ್ಮ ತೋಟದ ಭಾಷೆಯಲ್ಲಿ ಹೇಳ್ತೀನಿ. ಬೋರ್‌ವೆಲ್ ಮೋಟಾರ್ ಇರಬೇಕಾದದ್ದು ಪಂಪ್‌ಸೆಟ್ ಲೈನಿಗೆ. ಅಲ್ಲಿ ಕರೆಂಟ್ ಬರೋದು ದಿನಕ್ಕೆ ಕೆಲವು ಗಂಟೆ, ಬಂದಾಗ ಮಾತ್ರ ಓಡುತ್ತೆ. ಯಾರೋ ರಾತ್ರೋರಾತ್ರಿ ಅದನ್ನ ನಿರಂತರ ಜ್ಯೋತಿ ಲೈನಿಗೆ ಎಳೆದುಬಿಟ್ರು ಅಂದ್ಕೊಳ್ಳಿ. ಮೋಟಾರ್ ಅದೇ, ವೈಂಡಿಂಗ್ ಅದೇ, ಯಾವ ಲೋಪವೂ ಇಲ್ಲ. ಆದರೆ ಇನ್ನು ನಿಲ್ಲಲ್ಲ. ಬಿ ಕೋಶದಲ್ಲಿ ಪ್ರತಿಕಾಯದ ಜೀನಿನ ಲೈನ್ ಯಾವಾಗಲೂ ಆನ್, ಅದೇ ಅದರ ಕಸುಬು. ಆ ಲೈನಿಗೆ ಬಿದ್ದ ಬಿಸಿಎಲ್2 ‘ಸಾಯಬೇಡ, ಸಾಯಬೇಡ’ ಅಂತ ಹೇಳ್ತಾನೇ ಇರುತ್ತೆ. ತಯಾರಾಗೋ ಪ್ರೋಟೀನ್ ಆರೋಗ್ಯವಂತನಲ್ಲಿ ಇರೋ ಅದೇ ಪ್ರೋಟೀನ್. ಕೆಟ್ಟದ್ದು ಅದರ ನಿಯಂತ್ರಣ.

ಇಲ್ಲಿಗೇ ಕ್ಯಾನ್ಸರ್ ಆಗಿಬಿಡಲ್ಲ. ನನ್ನ ತಲೆ ತಿರುಗಿಸಿದ ಮಾತು ಇದು: ಆರೋಗ್ಯವಾಗಿರೋ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಇಂಥ ಲೈನ್ ಬದಲಾದ ಕೋಶಗಳು ಸ್ವಲ್ಪ ಸ್ವಲ್ಪ ಇರ್ತವೆ. ನಿಮ್ಮಲ್ಲೂ ಇರಬಹುದು, ನನ್ನಲ್ಲೂ. ಬಹಳಷ್ಟು ಜನಕ್ಕೆ ಜೀವಮಾನವಿಡೀ ಏನೂ ಆಗಲ್ಲ. ಆ ಕೋಶ ಸಾಯದೆ ಉಳಿದು, ಮತ್ತೆ ಮತ್ತೆ ಆ ತಾಕಿಗೆ ಹೋಗಿ, ಎರಡನೇ ಕತ್ತರಿಗೆ ತಲೆ ಕೊಟ್ಟು, ವರ್ಷಗಟ್ಟಲೆ ಇನ್ನಷ್ಟು ತಪ್ಪು ಕೂಡಿಸಿಕೊಂಡರೆ ಮಾತ್ರ ಕಾಯಿಲೆ.

ಆ ‘ಇನ್ನಷ್ಟು ತಪ್ಪು’ಗಳಲ್ಲೂ ಬಹಳಷ್ಟು ಸ್ವಿಚ್ಚಿಗೇ ಸಂಬಂಧಪಟ್ಟವು. ಅದರಲ್ಲಿ ಒಂದು ನಮ್ಮ ಹಳೇ ಪರಿಚಯ. ಕೋಸು ಬಯಲುಸೀಮೆಯಲ್ಲಿ ಗಡ್ಡೆ ಕಟ್ಟುತ್ತೆ, ಹೂ ಬಿಡಲ್ಲ. ಬೀಜ ಮಾಡಬೇಕು ಅಂದ್ರೆ ಅದಕ್ಕೆ ಚಳಿ ಬೇಕು, ಬೆಟ್ಟದ ಊರು ಬೇಕು. ವಾರಗಟ್ಟಲೆ ಚಳಿ ತಿಂದ ಮೇಲೆ ಹೂವನ್ನ ತಡೆಯೋ ಜೀನಿಗೆ ಬೀಗ ಬೀಳುತ್ತೆ. ಚಳಿ ಹೋಗಿ ಬಿಸಿಲು ಬಂದರೂ ಆ ಬೀಗ ಹಾಗೇ ಇರುತ್ತೆ, ಗಿಡ ಚಳಿಯನ್ನ ನೆನಪಿಟ್ಟುಕೊಂಡ ಹಾಗೆ. ಇದನ್ನ ವಿವರವಾಗಿ ಬಿಡಿಸಿದ್ದು ಕೋಸಿನ ಕುಟುಂಬದ್ದೇ ಆದ ಅರಬಿಡಾಪ್ಸಿಸ್ ಅನ್ನೋ ಪುಟ್ಟ ಕಳೆ ಗಿಡದಲ್ಲಿ. ಆ ಬೀಗ ಹಾಕೋ ಪ್ರೋಟೀನ್ ಕುಟುಂಬ ಗಿಡದಲ್ಲೂ ಇದೆ, ಬಾಳೆಹಣ್ಣಿನ ಮೇಲೆ ಹಾರೋ ಸಣ್ಣ ನೊಣದಲ್ಲೂ ಇದೆ, ನಮ್ಮಲ್ಲೂ ಇದೆ. ನಮ್ಮದರ ಹೆಸರು ಇಜೆಡ್‌ಎಚ್2. ತಾಕಿನಲ್ಲಿ ಆಯ್ಕೆ ನಡೆಯುವಾಗ ‘ಬಲಿತು ಹೊರಗೆ ಹೋಗು’ ಅನ್ನೋ ಜೀನ್‌ಗಳಿಗೆ ತಾತ್ಕಾಲಿಕ ಬೀಗ ಹಾಕೋದು ಇದರ ಕೆಲಸ. ಫಾಲಿಕ್ಯುಲರ್ ಲಿಂಫೋಮಾ ಇರೋ ನಾಲ್ಕೈದು ಜನರಲ್ಲಿ ಒಬ್ಬರಿಗೆ ಇದರಲ್ಲೇ ರೂಪಾಂತರ ಆಗಿ ಬೀಗ ಬಿಗಿಯಾಗಿರುತ್ತೆ. ಬೀಗ ತೆಗೆಯೋ ಕಡೆಯ ಕೆಎಂಟಿ2ಡಿ ಅನ್ನೋದು ಇನ್ನೂ ಹೆಚ್ಚು ಜನರಲ್ಲಿ ಕೆಟ್ಟಿರುತ್ತೆ. ಹೀಗಾದಾಗ ಕೋಶ ಸಾಯಲ್ಲ, ಬಲಿಯಲ್ಲ, ಹೊರಗೂ ಹೋಗಲ್ಲ. ನರ್ಸರಿ ಟ್ರೇನಲ್ಲೇ ಉಳಿದು ಗುಂಪು ಕಟ್ಟಿದ ಸಸಿ ಥರ.

ಕೋಸಿನ ಹೂವಿನ ಪಾಠವನ್ನ ಪರೀಕ್ಷೆಗೆ ಉರು ಹೊಡೆದಿದ್ದೆ. ಅದು ದೊಡ್ಡಪ್ಪನ ಕತ್ತಿನ ಗಂಟಿಗೆ ಬಂದು ಸೇರುತ್ತೆ ಅಂತ ಯಾರು ಅಂದ್ಕೊಂಡಿದ್ರು.

ಹಾಗಾದ್ರೆ ಔಷಧಿದು ಪಾತ್ರ ಇಲ್ವಾ?

ಇದೆ. ಆದರೆ ನಾನು ಮೈಕಿನಲ್ಲಿ ಹೇಳಿದ ಥರ ಅಲ್ಲ.

ಲೈನ್ ಬದಲಾಗೋ ಅವಘಡಕ್ಕೆ ಯಾವ ವಿಷವೂ ಬೇಕಾಗಿಲ್ಲ, ನಮ್ಮ ದೇಹದ ಕತ್ತರಿಯೇ ಸಾಕು. ಅದಕ್ಕೇ ಜೀವನದಲ್ಲಿ ಪಂಪ್ ಹೆಗಲಿಗೆ ಹಾಕದ ಮೇಷ್ಟ್ರಿಗೂ ಈ ಕಾಯಿಲೆ ಬರುತ್ತೆ, ಸಾವಯವ ರೈತನಿಗೂ ಬರುತ್ತೆ. ಆದರೆ ಫ್ರಾನ್ಸಿನಲ್ಲಿ ಕೀಟನಾಶಕ ಬಳಸೋ ರೈತರ ರಕ್ತವನ್ನ ವರ್ಷಗಳ ಅಂತರದಲ್ಲಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕೋಶಗಳು ಅವರಲ್ಲಿ ಬಹಳ ಹೆಚ್ಚಿದ್ದವು, ಅದರಲ್ಲಿ ಕೆಲವು ಕಾಯಿಲೆಯ ಮೊದಲ ಮೆಟ್ಟಿಲಿನ ಗುರುತುಗಳನ್ನೂ ಹೊತ್ತಿದ್ದವು. 2014ರಲ್ಲಿ ಇನ್ನೊಂದು ಬಂತು. ಹತ್ತು ಸಾವಿರ ಕೋಶಕ್ಕೆ ಒಂದಕ್ಕಿಂತ ಹೆಚ್ಚು ಇದ್ದವರಿಗೆ ಮುಂದೆ ಲಿಂಫೋಮಾ ಬರೋ ಅಪಾಯ ಹಲವು ಪಟ್ಟು ಜಾಸ್ತಿ ಅಂತ. ಎರಡನ್ನೂ ಜೋಡಿಸಿ ನೋಡಿ. ಪ್ರಶ್ನೆ ಇರೋದು ಎಷ್ಟು ಕೋಶ, ಎಷ್ಟು ವರ್ಷ ಅನ್ನೋದರಲ್ಲಿ.

ಮತ್ತೆ ಎಲ್ಲ ಔಷಧಿಯೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಲಿಂಡೇನನ್ನ ‘ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ’ ಅಂತ ಮೊದಲ ಗುಂಪಿಗೇ ಸೇರಿಸಿತು. ಕಾರಣ ಇದೇ ಲಿಂಫೋಮಾ ಗುಂಪು. ಲಿಂಡೇನ್ ಅಂದ್ರೆ ಯಾವುದು? ನಮ್ಮ ಹಿರಿಯರ ಬಿ.ಎಚ್.ಸಿ. ಪುಡಿಯೊಳಗೆ ಕೀಟ ಕೊಲ್ಲುತ್ತಿದ್ದ ಅಂಶವೇ ಅದು. ಆ ಪುಡಿ ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧವಾಯ್ತು, ಲಿಂಡೇನ್ ಬಳಕೆ 2013ರಲ್ಲಿ. ದೊಡ್ಡಪ್ಪ ಹದಿನಾರನೇ ವಯಸ್ಸಿಂದ ಅದನ್ನ ಗೋಣಿಚೀಲದ ತುಂಡಿನಲ್ಲಿ ಕಟ್ಟಿ, ಬರಿಗೈಲಿ ಕೊಡವಿಕೊಂಡು ಸಾಲಿನುದ್ದಕ್ಕೂ ನಡೆದವರು. ಸಂಜೆ ತಲೆ, ಹುಬ್ಬು ಎಲ್ಲ ಬಿಳಿ ಆಗ್ತಿತ್ತಂತೆ.

ಅದೇ ವರ್ಷ ಗ್ಲೈಫೋಸೇಟ್, ಮೆಲಾಥಿಯಾನ್, ಡಯಾಜಿನಾನ್‌ಗಳನ್ನ ‘ಬಹುಶಃ ಕ್ಯಾನ್ಸರ್ ತರಬಹುದು’ ಅನ್ನೋ ಗುಂಪಿಗೆ ಹಾಕಿದರು. ಗ್ಲೈಫೋಸೇಟ್ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ಐವಾ, ನಾರ್ತ್ ಕ್ಯಾರೊಲಿನಾಗಳಲ್ಲಿ 50 ಸಾವಿರಕ್ಕೂ ಹೆಚ್ಚು ಸಿಂಪರಣೆದಾರರನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2018ರಲ್ಲಿ ಲಿಂಫೋಮಾ ಜೊತೆ ಸ್ಪಷ್ಟ ನಂಟು ಕಾಣಲಿಲ್ಲ ಅಂತು. ಸಾವಯವದ ನಮ್ಮ ಗೆಳೆಯರು ಈ ಎರಡನೇ ಸುದ್ದಿಯನ್ನ ಗ್ರೂಪಿನಲ್ಲಿ ಹಾಕೋದೇ ಇಲ್ಲ. ಔಷಧಿ ಅಂಗಡಿಯೋರು ಲಿಂಡೇನ್ ಸುದ್ದಿ ಎತ್ತೋದಿಲ್ಲ. ಇಬ್ಬರೂ ಅರ್ಧ ಅರ್ಧ ಹೇಳ್ತಾರೆ, ನಷ್ಟ ಮಾತ್ರ ಹೊಲದಲ್ಲಿ ನಿಂತವನಿಗೆ.

ಫ್ರಾನ್ಸ್ ಏನು ಮಾಡಿತು ನೋಡಿ. 2015ರಲ್ಲಿ, ಕೀಟನಾಶಕದ ಜೊತೆ ಕೆಲಸ ಮಾಡಿದ ರೈತರಿಗೆ ಬರೋ ನಾನ್-ಹಾಡ್ಜ್‌ಕಿನ್ ಲಿಂಫೋಮಾವನ್ನ ಕಸುಬಿನ ಕಾಯಿಲೆ ಅಂತ ಕಾನೂನಿನಲ್ಲೇ ಬರೆದುಕೊಂಡರು. ಫಾಲಿಕ್ಯುಲರ್ ಕೂಡ ಅದೇ ಗುಂಪಿನದು. ಪ್ರತಿಯೊಬ್ಬ ರೈತನೂ ಇದೇ ಔಷಧಿಯಿಂದ ಇದೇ ಕೋಶ ಕೆಟ್ಟಿತು ಅಂತ ಸಾಬೀತು ಮಾಡಬೇಕಾಗಿಲ್ಲ, ಇಷ್ಟು ವರ್ಷ ಆ ಕೆಲಸ ಮಾಡಿದ್ದಕ್ಕೆ ದಾಖಲೆ ಇದ್ದರೆ ಆಯ್ತು. ನನಗೆ ಸರಿ ಅನ್ನಿಸೋದು ಈ ದಾರಿ. ನಮ್ಮಲ್ಲಿ ಅದು ಬರಬೇಕು ಅಂದ್ರೆ ಮೊದಲು ದಾಖಲೆ ಬೇಕು. ದೊಡ್ಡಪ್ಪನನ್ನ ಡಾಕ್ಟ್ರು ಕೇಳಿದ್ರಂತೆ, “ಔಷಧಿ ಏನಾದ್ರೂ ತಗೊಳ್ತಿದ್ರಾ?” ಇವರು, “ತಗೊಳ್ಳಲ್ಲ ಸಾರ್, ಹೊಡೀತೀನಿ.” ಎಲ್ಲರೂ ನಕ್ಕರಂತೆ. ಏನು ಹೊಡೀತಿದ್ರಿ ಅಂದ್ರೆ ಹೆಸರಿಲ್ಲ. ‘ಹಳದಿ ಬಾಟ್ಲಿ’, ‘ಅಂಗಡಿಯೋನು ಕೊಟ್ಟಿದ್ದು’. ನಲವತ್ತು ವರ್ಷದ ಕೆಲಸಕ್ಕೆ ಅಷ್ಟೇ ದಾಖಲೆ.

ನಿಮ್ಮ ಕೈಲಿ ಫೋನ್ ಇದೆ. ಯಾವ ಪದ್ಧತಿಯಲ್ಲಿ ಬೆಳೆದರೂ ಸರಿ, ಹೊಡೆಯೋ ದಿನ ಬಾಟಲಿಯ ಲೇಬಲ್ ಫೋಟೋ ತೆಗೆದು ಒಂದು ಫೋಲ್ಡರಿಗೆ ಹಾಕಿ. ತಾರೀಕು ತಾನೇ ಕೂತ್ಕೊಳ್ಳುತ್ತೆ. ಹೊಡೆದದ್ದು ಯಾರು, ಎಷ್ಟು ಹೊತ್ತು ಅಂತ ಒಂದು ಸಾಲು. ಇನ್ನೊಂದು, ಗ್ಲೌಸ್. ವಿಷ ಒಳಗೆ ಹೋಗೋದು ಮುಖ್ಯವಾಗಿ ಚರ್ಮದಿಂದ, ಅದರಲ್ಲೂ ಬಾಟಲಿಯಿಂದ ಡ್ರಮ್ಮಿಗೆ ಸುರಿದು ಕಲಸುವಾಗ. ಮೂಗಿಗೆ ಟವೆಲ್ ಕಟ್ಟಿ ಬರಿಗೈಲಿ ಕಲಸೋದು ನೋಡಿದ್ರೆ ನನಗೆ ಈಗ ಸಿಟ್ಟು ಬರುತ್ತೆ.

ಲಕ್ಷ್ಮಣಫಲದ ವ್ಯಾಪಾರ

ಕಾಯಿಲೆ ಗೊತ್ತಾದ ವಾರದಲ್ಲೇ ನಮ್ಮ ಸಾವಯವ ಬಳಗದ ಒಬ್ಬರು ದೊಡ್ಡಪ್ಪನ ಮನೆಗೆ ಲಕ್ಷ್ಮಣಫಲದ ಎಲೆ ಕಳಿಸಿ, ಕೀಮೋ ಬೇಡ, ಕಷಾಯ ಕುಡೀರಿ ಅಂದಿದ್ರು. ನನ್ನ ತೋಟದಲ್ಲೂ ಹದಿನಾಲ್ಕು ಲಕ್ಷ್ಮಣಫಲದ ಗಿಡ ಇವೆ. ಹಣ್ಣು ಮಾರ್ತೀನಿ, ರುಚಿಗೆ ಮಾರ್ತೀನಿ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸೋದು ಒಂದು ಮಾತು. ಸಾಯಲೇಬಾರದು ಅಂತ ಲೈನ್ ಎಳೆದುಕೊಂಡು ಮನುಷ್ಯನ ಗ್ರಂಥಿಯಲ್ಲಿ ಕೂತ ಕೋಶ ಬೇರೆ ಮಾತು. ಅದೂ ಅಲ್ಲದೆ ಈ ಗಿಡದಲ್ಲಿರೋ ಅನೊನಾಸಿನ್ ನರಗಳಿಗೆ ಒಳ್ಳೇದಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಇದರ ಹಣ್ಣು, ಎಲೆ ಕಷಾಯ ಹೆಚ್ಚು ಬಳಸೋರಲ್ಲಿ ಪಾರ್ಕಿನ್ಸನ್ ಥರದ ನಡುಕದ ಕಾಯಿಲೆ ಹೆಚ್ಚು ಕಂಡದ್ದು 1999ರಲ್ಲೇ ವರದಿಯಾಗಿದೆ. ಹಣ್ಣಿನ ಡಬ್ಬದ ಮೇಲೆ ‘ಕ್ಯಾನ್ಸರ್ ನಿವಾರಕ’ ಅಂತ ಸ್ಟಿಕ್ಕರ್ ಅಂಟಿಸೋ ಗೆಳೆಯರೇ, ಬೈಕೊಂಡ್ರೂ ಪರವಾಗಿಲ್ಲ, ಅದನ್ನ ಕಿತ್ತುಹಾಕಿ. ನಿಮ್ಮ ಸ್ಟಿಕ್ಕರ್ ನಂಬಿ ಯಾರೋ ಆರು ತಿಂಗಳು ಕಾಯ್ತಾರೆ.

ಡಾಕ್ಟ್ರು ಮೊದಲ ವರ್ಷ ಏನೂ ಔಷಧಿ ಕೊಡಲಿಲ್ಲ. ಮೂರು ತಿಂಗಳಿಗೊಮ್ಮೆ ಬನ್ನಿ, ನೋಡ್ತಿರೋಣ ಅಂದ್ರು. ಮನೆಯಲ್ಲಿ ಗಲಾಟೆ, ಕೈ ಬಿಟ್ಟುಬಿಟ್ರು ಅಂತ ದೊಡ್ಡಮ್ಮನ ಅಳು. ನಾನು ಹೇಳಿದೆ, ಹುಳ ಕಂಡ ತಕ್ಷಣ ಹೊಡೀತೀವಾ ದೊಡ್ಡಮ್ಮ, ನಷ್ಟದ ಮಿತಿ ದಾಟಲಿ ಅಂತ ಕಾಯಲ್ವಾ? ಈ ಕಾಯಿಲೆ ನಿಧಾನ, ತೊಂದರೆ ಕೊಡದವರಲ್ಲಿ ಹಾಗೆ ಕಾಯೋದೂ ಚಿಕಿತ್ಸೆಯೇ. ಆಮೇಲೆ ಗಂಟು ದೊಡ್ಡದಾಗಿ, ರಾತ್ರಿ ಬನಿಯನ್ ಒದ್ದೆಯಾಗೋ ಹಾಗೆ ಬೆವರು, ತೂಕ ಇಳಿತ ಶುರುವಾದ ಮೇಲೆ ಇಂಜೆಕ್ಷನ್ ಹಾಕಿದ್ರು. 28 ದಿನಕ್ಕೊಂದು ಸುತ್ತು, ಒಟ್ಟು ಆರು. ಅದರಲ್ಲಿ ರಿಟುಕ್ಸಿಮ್ಯಾಬ್ ಅನ್ನೋದು ರಿಪೋರ್ಟಿನ ಮೊದಲ ಸಾಲಲ್ಲಿದ್ದ ಸಿಡಿ20 ಗುರುತನ್ನೇ ಹಿಡಿದು ಕೆಲಸ ಮಾಡುತ್ತೆ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು, 2007ರಲ್ಲಿ ಹೈದರಾಬಾದಿನ ಕಂಪನಿಯೊಂದು ದೇಶಿ ರೂಪ ತಂದ ಮೇಲೆ ನಮ್ಮಂಥವರ ಕೈಗೆ ಸ್ವಲ್ಪ ಎಟುಕೋ ಹಾಗಾಯ್ತು. ಇಂಥ ಲಿಂಫೋಮಾ ಇಟ್ಕೊಂಡು ಬಹಳ ಜನ ವರ್ಷಗಟ್ಟಲೆ ಚೆನ್ನಾಗಿ ಬದುಕ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಕತ್ತು, ಕಂಕುಳು, ತೊಡೆ ಸಂದಿಯಲ್ಲಿ ನೋವಿಲ್ಲದ ಗಂಟು ಮೂರ್ನಾಲ್ಕು ವಾರ ಕಳೆದರೂ ಹೋಗದೆ ಇದ್ರೆ, ಅಥವಾ ಬೆಳೀತಿದ್ರೆ, ತೋರಿಸಿ. ಪರೀಕ್ಷೆಯಿಲ್ಲದೆ ಟಿ.ಬಿ. ಮಾತ್ರೆ ಬರೆದ್ರೆ, ಬಯಾಪ್ಸಿ ಮಾಡಿಸಬಹುದಾ ಅಂತ ಕೇಳಿ. ಬರೀ ಸೂಜಿ ಹಾಕಿ ತೆಗೆದ ನಾಲ್ಕು ಕೋಶದಲ್ಲಿ ಲಿಂಫೋಮಾ ಎಷ್ಟೋ ಸಲ ಸಿಗಲ್ಲ, ಆದಷ್ಟು ಇಡೀ ಗಂಟನ್ನೇ ತೆಗೆದು ನೋಡಬೇಕಾಗುತ್ತೆ. ಕೇಳೋಕೆ ನಾಚಿಕೆ ಬೇಡ.

ದೊಡ್ಡಮ್ಮನ ಪ್ರಶ್ನೆಗೆ ಕೊನೆಗೂ ಹೇಳಿದ ಉತ್ತರ ಇಷ್ಟೇ: “ನೀವು ತಂದ್ಕೊಂಡಿದ್ದಲ್ಲ. ಎಲ್ಲರ ಮೈಯಲ್ಲೂ ಆಗೋ ಅವಘಡ ಇದು. ಆ ಪುಡಿ ಅದಕ್ಕೆ ನೂಕು ಕೊಟ್ಟಿರಬಹುದು. ಆವಾಗ ಅದನ್ನ ನಿಮ್ಮ ಕೈಗೆ ಕೊಟ್ಟವರು ಯಾರೂ ಹೇಳಲಿಲ್ಲ. ನಾನು ಮೈಕಲ್ಲಿ ಹೇಳಿದ್ದು ತಪ್ಪು.” ಅವರು ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಮುದ್ದೆಗೆ ಎಸರಿಟ್ರು. ಮುಂದಿನ ಶನಿವಾರ ಸಂತೆಗೆ ಹೋದಾಗ ಬೋರ್ಡ್ ಬಿಚ್ಚಿದೆ. ಈಗ ಬರೀ ‘ರಾಸಾಯನಿಕ ಹಾಕದೆ ಬೆಳೆದ ತರಕಾರಿ’ ಅಂತಿದೆ. ಮೊದಲ ತಿಂಗಳು ವ್ಯಾಪಾರ ಸ್ವಲ್ಪ ಇಳೀತು, ಸುಳ್ಳು ಹೇಳಲ್ಲ.

ದೊಡ್ಡಪ್ಪನಿಗೆ ಹೋದ ವಾರ ನಾಲ್ಕನೇ ಸುತ್ತು ಆಯ್ತು. ಕತ್ತಿನ ಗಂಟು ಕೈಗೆ ಸಿಗ್ತಿಲ್ಲ. ಟೊಮೆಟೊ ಈಗ ತಮ್ಮನೇ ನೋಡ್ಕೊಳ್ತಾನೆ, ಅವನಿನ್ನೂ ಔಷಧಿ ಹೊಡೀತಾನೆ. ಬಿಡು ಅಂತ ನಾನು ಹೇಳಿಲ್ಲ, ಅವನ ಸಾಲ ನನಗೆ ಗೊತ್ತು. ಹೊಡೆಯೋ ದಿನ ಲೇಬಲ್ ಫೋಟೋ ಮಾತ್ರ ಕಳಿಸ್ತಾನೆ. ನಿನ್ನೆ ರಾತ್ರಿ ಬಂದದ್ದರಲ್ಲಿ ಅಕ್ಷರ ಎಷ್ಟು ಸಣ್ಣದು ಅಂದ್ರೆ ದೊಡ್ಡದು ಮಾಡಿದ್ರೂ ಓದಕ್ಕಾಗಲಿಲ್ಲ. ಇನ್ನೊಮ್ಮೆ ಹತ್ತಿರದಿಂದ ತೆಗೆದು ಕಳಿಸೋ ಅಂತ ಹಾಕಿದ್ದೀನಿ, ಇನ್ನೂ ಬಂದಿಲ್ಲ.